ದೊರೆ ಎದ್ದುಹೋದ ಕುರ್ಚಿ

ಹುಲಿಯೂರುದುರ್ಗದ ಹಳೆಯ ಸರ್ಕಾರಿ ಬಂಗಲೆಯಲ್ಲಿ ಒಂದು ಬೆತ್ತದ ಕುರ್ಚಿ ಇತ್ತು. ಸರ್ವೆಗೆ ಬಂದಿದ್ದ ಬಿಳಿಯ ದೊರೆಯೊಬ್ಬ ಎದ್ದುಹೋದ ಮೇಲೆ ಅದರಲ್ಲಿ ಯಾರೂ ಕೂತಿರಲಿಲ್ಲ. ಬಂದ ಇಂಜಿನಿಯರುಗಳೂ ಪ್ಲಾಸ್ಟಿಕ್ ಕುರ್ಚಿಯನ್ನೇ ಎಳೆದುಕೊಳ್ಳುತ್ತಿದ್ದರು. ಮೈಸೂರು ಸೀಮೆಯನ್ನು ಇಂಗ್ಲಿಷರು ನೇರವಾಗಿ ಆಳಿದ್ದು ಸ್ವಲ್ಪವೇ ಕಾಲ. ಹೆದರುವುದರಲ್ಲಿ ಮಾತ್ರ ನಾವು ಯಾವ ಪ್ರಾಂತ್ಯಕ್ಕೂ ಹಿಂದೆ ಬಿದ್ದವರಲ್ಲ.

ಕುರ್ಚಿಯ ಧೂಳು ಒರೆಸುವುದು ಕಾವಲುಗಾರ ಚಿಕ್ಕಬೀರಯ್ಯನ ಕೆಲಸ. ಅವನ ಅಪ್ಪನೂ ಒರೆಸಿದ್ದ, ತಾತನೂ ಒರೆಸಿದ್ದ.

ಸ್ವಾತಂತ್ರ್ಯದ ಸುವರ್ಣ ವರ್ಷದಲ್ಲಿ ಈ ಸಂಗತಿ ತುಮಕೂರಿನ ಇತಿಹಾಸದ ಮೇಷ್ಟ್ರು ನಾಗಭೂಷಣ್ ಕಿವಿಗೆ ಬಿತ್ತು. ಗುಬ್ಬಿಯಿಂದ ಕುಣಿಗಲ್ಲಿನವರೆಗೆ ಗುಲಾಮಿ ಮನಸ್ಸಿನ ಮೇಲೆ ಭಾಷಣ ಮಾಡುತ್ತಿದ್ದ ಅವರು ಆ ವರ್ಷ ಬಾಯಲ್ಲಿ ಇಂಗ್ಲಿಷ್ ಬರಗೊಡುವುದಿಲ್ಲವೆಂದು ವ್ರತ ಹಿಡಿದಿದ್ದರು. ಕುಣಿಗಲ್ಲಿನ ಸಭೆಯಲ್ಲಿ ಘೋಷಿಸಿಯೇಬಿಟ್ಟರು: "ಆಗಸ್ಟ್ ಹದಿನೈದರಂದು ಚಿಕ್ಕಬೀರಯ್ಯ ಆ ಕುರ್ಚಿಯಲ್ಲಿ ಕೂತ ಮೇಲೆಯೇ ಅಲ್ಲಿ ಧ್ವಜ ಏರುತ್ತದೆ. ಕೂರದಿದ್ದರೆ ನಾನಿನ್ನು ವೇದಿಕೆ ಹತ್ತುವುದಿಲ್ಲ."

ಅವರ ಹೆಂಡತಿ ಶಶಿರೇಖಾ ಎರಡನೆಯ ಮಾತನ್ನು ಆಸೆಯಿಂದ ಕೇಳಿಸಿಕೊಂಡರು.

ಆ ದಿನ ಕುರ್ಚಿಯನ್ನು ಅಂಗಳಕ್ಕೆ ತಂದಿಟ್ಟರು. ಊರೆಲ್ಲ ಸೇರಿತು. ಮೇಷ್ಟ್ರ ಜೊತೆ ಶಶಿರೇಖಾ ಕೂಡ ಬಂದಿದ್ದರು. ಬೂಂದಿ ತಟ್ಟೆಗೆ ನೊಣ ಮುತ್ತತೊಡಗಿದರೂ ಚಿಕ್ಕಬೀರಯ್ಯ ಕೈಕಟ್ಟಿ ನಿಂತೇ ಇದ್ದ.

"ಕೂತ್ಕೊಳಪ್ಪ, ಈಗ ನಾವೇ ದೊರೆಗಳು," ಎಂದರು ಮೇಷ್ಟ್ರು.

"ಅದು ಸರಿ ಬುದ್ಧಿ. ಅವ್ರು ಬಂದ್ರೆ?"

"ಅವರು ಹೋಗಿ ಐವತ್ತು ವರ್ಷ ಆಯ್ತು!"

"ಓಯ್ತೀನಿ ಅಂದ್ರಂತೆ ಬುದ್ಧಿ. ಬರಾಕಿಲ್ಲ ಅಂದಿಲ್ವಂತೆ."

"ಕೂತ್ಕೊಳ್ಲಾ ಬೀರಾ, ಬೂಂದಿ ಮೆತ್ತಗಾಯ್ತದೆ!" ಎಂದು ಗುಂಪಿನ ಹಿಂದಿನಿಂದ ಊರಿನ ಹನುಮಕ್ಕ ಕೂಗಿದಳು.

"ನೀನೇ ಬಂದ್ ಕೂತ್ಕೋ ಬಾರಕ್ಕ."

ಹನುಮಕ್ಕ ಸೆರಗು ಸರಿಮಾಡಿಕೊಂಡು ಗುಂಪಿನಲ್ಲಿ ಕರಗಿಹೋದಳು.

ಮೇಷ್ಟ್ರು ಬೇಡಿಕೊಂಡರು, ಇತಿಹಾಸ ಹೇಳಿದರು, ಮತ್ತೆ ಬೇಡಿಕೊಂಡರು. ಬಿಸಿಲೇರಿತು. ಕೊನೆಗೆ ತಾಳ್ಮೆ ಕಿತ್ತುಹೋಗಿ, ಎಷ್ಟೋ ತಿಂಗಳು ಕಟ್ಟಿಟ್ಟಿದ್ದದ್ದು ಒಂದೇ ಸಲ ಬಾಯಿಂದ ಹಾರಿತು:

"ಯೂ ಈಡಿಯಟ್! ಸಿಟ್ ಡೌನ್!"

ಚಿಕ್ಕಬೀರಯ್ಯ ತಟ್ಟನೆ ಕೂತ. ಬೆನ್ನು ನೆಟ್ಟಗೆ, ಕೈ ಮಂಡಿಯ ಮೇಲೆ.

ಚಪ್ಪಾಳೆಯೋ ಚಪ್ಪಾಳೆ. ಧ್ವಜ ಏರಿತು, ಹೂವು ಉದುರಿತು, ರಾಷ್ಟ್ರಗೀತೆ ಶುರುವಾಯಿತು. ಎಲ್ಲರೂ ನೆಟ್ಟಗೆ ನಿಂತಿದ್ದರು. ಒಬ್ಬ ಚಿಕ್ಕಬೀರಯ್ಯ ಮಾತ್ರ ಕೂತಿದ್ದ.

"ಏಳಯ್ಯಾ!" ಮೇಷ್ಟ್ರು ಹಲ್ಲುಕಚ್ಚಿ ಪಿಸುಗುಟ್ಟಿದರು. ಅವನು ಏಳಲಿಲ್ಲ. "ದಮ್ಮಯ್ಯ, ಎದ್ದೇಳು!" ಅದಕ್ಕೂ ಏಳಲಿಲ್ಲ. ಬಂದೋಬಸ್ತಿನ ಪೇದೆ ಕಣ್ಣು ಕೆಂಪಗೆ ಮಾಡಿದ. ಮೇಷ್ಟ್ರು ಧ್ವಜವನ್ನೊಮ್ಮೆ ನೋಡಿದರು, ತಪ್ಪಾಯಿತು ಎನ್ನುವಂತೆ.

"ಸ್ಟ್ಯಾಂಡ್ ಅಪ್."

ಚಿಕ್ಕಬೀರಯ್ಯ ಎದ್ದು ಮೇಷ್ಟ್ರಿಗೆ ಸೆಲ್ಯೂಟ್ ಹೊಡೆದ.

ಗೀತೆ ಮುಗಿಯಿತು. ಅವನು ಹೆಗಲ ಟವೆಲ್ಲಿನಿಂದ ಕುರ್ಚಿ ಒರೆಸಿದ. ಇಷ್ಟು ಕಾಲ ತನ್ನ ಮನೆತನ ಕಾದದ್ದು ಕೊನೆಗೂ ಕೈಗೂಡಿದ ಸಮಾಧಾನ ಅವನ ಮುಖದಲ್ಲಿತ್ತು.

"ಬರಾಕೆ ಇಷ್ಟ್ ದಿವ್ಸ ಆಯ್ತಾ ದೊರೆ? ದಯಮಾಡ್ಸಿ."

ಜನ ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟರು. ಮೇಷ್ಟ್ರಿಗೆ ನಿಂತು ನಿಂತು ಕಾಲು ಸೋತಿತ್ತು. ಒಂದು ಗಳಿಗೆ ಮಾತ್ರ ಎಂದುಕೊಂಡು ಕೂತರು. ಬೆತ್ತ ಹಿತವಾಗಿತ್ತು. ಹನುಮಕ್ಕ ಮುಂದೆ ಬಂದು, ಬೀದಿ ನಲ್ಲೀಲಿ ನೀರು ಬರ್ತಿಲ್ಲ ಎಂದು ಅಹವಾಲು ಶುರುಮಾಡಿದಳು. ಮೇಷ್ಟ್ರು ಕಾಲ ಮೇಲೆ ಕಾಲು ಹಾಕಿ, "ಐ ಸೀ," ಎಂದರು.

ಕುಣಿಗಲ್ ಬಸ್ಸು ಹಾರನ್ ಹೊಡೆಯುತ್ತಿತ್ತು. ಶಶಿರೇಖಾ ಬ್ಯಾಗು ಹೆಗಲಿಗೇರಿಸಿದರು.

"ಏಳ್ರೀ ಅಂದ್ರೆ ನೀವೂ ಏಳಲ್ಲ ಅಂತ ಕಾಣುತ್ತೆ. ನಂಗೆ ಇಂಗ್ಲಿಷ್ ಬರಲ್ಲ ಕಣ್ರೀ, ನಾನು ಹೊರಟೆ."