ಹೊರಗೇ ಉಳಿದ ಆಸನ

ನನ್ನನ್ನು ಬರೀ ಕುರ್ಚಿ ಅಂದರೆ ನನಗೆ ಸಿಟ್ಟು ಬರುತ್ತದೆ. ನಾನು ಯುದ್ಧವಿಮಾನದ ಆಸನ. ವಿಮಾನ ಕೆಟ್ಟರೆ ಪೈಲಟ್‌ನನ್ನು ಹೊತ್ತುಕೊಂಡು ಆಕಾಶಕ್ಕೆ ಚಿಮ್ಮುವ ಜಾತಿಯವನು. ನಿಜ, ಪುಟ್ಟ ಮಾದರಿ ವಿಮಾನಕ್ಕೆಂದು ಮಾಡಿದ್ದರಿಂದ ಕಿರುಬೆರಳಿನ ತುದಿಯಷ್ಟೇ ಇದ್ದೇನೆ. ಅದಕ್ಕೇನಂತೆ? ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು.

ಯಾವುದೋ ದೂರದ ಊರಿನ ಶೆಡ್ಡಿನಲ್ಲಿ, ರಬ್ಬರ್ ಅಚ್ಚಿಗೆ ಇಡ್ಲಿ ಹಿಟ್ಟಿನಂತೆ, ಆರಿದರೆ ಗಟ್ಟಿಯಾಗುವ ರೆಸಿನ್ ದ್ರವ ಹುಯ್ದಾಗ ನಾನು ಹುಟ್ಟಿದೆ. ಬೆಲ್ಟು, ಬಕಲ್ಲು, ಹೊರಗೆ ಚಿಮ್ಮಲು ಎಳೆಯುವ ಹಿಡಿ, ಮೆತ್ತೆಯ ಸುಕ್ಕು, ಎಲ್ಲ ಮೈಮೇಲೇ ಮೂಡಿದ್ದವು. ಆಮೇಲೆ ಪ್ಲಾಸ್ಟಿಕ್ ಚೀಲದೊಳಗೆ ಸೇರಿ ಅಂಗಡಿಯ ಗೋಡೆಗೆ ನೇತುಬಿದ್ದೆ. ಫ್ಯಾನಿನ ಗಾಳಿಗೆ ಚೀಲ ತೂಗಿದಾಗಲೆಲ್ಲ ಹಾರುತ್ತಿದ್ದೇನೆ ಅನ್ನಿಸುತ್ತಿತ್ತು.

ನನ್ನನ್ನು ಕೊಂಡವರು ಮೈಸೂರಿನ ಹಲ್ಲಿನ ಡಾಕ್ಟರ್ ಕುಮುದಾ. ಅವರ ಗಂಡ ಶ್ರೀವತ್ಸ ಹಿಂದೆ ವಾಯುಪಡೆಯಲ್ಲಿ ಪೈಲಟ್ ಆಗಿದ್ದವರು. ಒಮ್ಮೆ ವಿಮಾನಕ್ಕೆ ಬೆಂಕಿ ಹತ್ತಿ, ನನ್ನಂಥದೇ ಆಸನದಲ್ಲಿ ಹೊರಗೆ ಚಿಮ್ಮಿ ಬದುಕಿಕೊಂಡರು. ಆ ದಿನದ ಬಗ್ಗೆ ಹೆಂಡತಿಯ ಮುಂದೆಯೂ ಬಾಯಿ ಬಿಟ್ಟವರಲ್ಲ. ಈಗ ಅವರ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಪೂರ್ತಿ ಕತ್ತಲಾಗುವ ಮುಂಚೆ ಅವರ ವಿಮಾನದ ಪುಟ್ಟ ಮಾದರಿಯನ್ನು ಜೋಡಿಸಿ ಅವರಿಗೊಮ್ಮೆ ತೋರಿಸಬೇಕೆಂಬುದು ಕುಮುದಾರ ಹಟ.

ಮಧ್ಯಾಹ್ನ ಕ್ಲಿನಿಕ್ ಮುಚ್ಚಿ, ಹಲ್ಲು ಕೊರೆಯುವ ಯಂತ್ರದಲ್ಲೇ ಅವರು ಅಚ್ಚಿನಿಂದ ಬರುವಾಗ ನನ್ನ ಅಡಿಗೆ ಅಂಟಿಕೊಂಡೇ ಬಂದಿದ್ದ ಬೇಡದ ರೆಸಿನ್ ತುಂಡನ್ನು ಕತ್ತರಿಸಿದರು.

"ಬಾಯಿ ತೆಗಿ ಅನ್ನೋದೊಂದು ಬಾಕಿ," ಎಂದು ಶ್ರೀವತ್ಸ ರೇಗಿಸಿದರು.

ವಿಮಾನದ ಡಬ್ಬಿಯಲ್ಲೇ ಬಂದಿದ್ದ ಪ್ಲಾಸ್ಟಿಕ್ ಆಸನ ಮಣೆಯಂತೆ ಬೋಳು. ಅದನ್ನು ಎಸೆದು ನನ್ನನ್ನು ಕೈಗೆತ್ತಿಕೊಂಡಾಗ ನನಗೆ ಜಂಬವೋ ಜಂಬ! ನನ್ನ ಹಿಡಿಗೆ ಹಳದಿ ಕಪ್ಪು ಪಟ್ಟೆ ಬಳಿದರು. ಕಿಟಕಿಯ ಬಿಸಿಲಲ್ಲಿ ಒಣಗುತ್ತಾ ನಾನು ಮೋಡ ನೋಡುತ್ತಿದ್ದೆ.

ಆತುರಗಾರನಿಗೆ ಬುದ್ಧಿ ಮಟ್ಟ. ಬಣ್ಣ ಬಳಿಯುವ ಮುಂಚೆಯೇ ಆಸನವನ್ನು ಸುಮ್ಮನೆ ವಿಮಾನದೊಳಗೆ ಕೂರಿಸಿ, ಪೈಲಟ್ ಕೂರುವ ಜಾಗದ ಗಾಜಿನಂಥ ಮುಚ್ಚಳ ಮುಚ್ಚುತ್ತದೆಯೇ ಎಂದು ನೋಡಬೇಕು. ಈ ಹವ್ಯಾಸದವರ ಮೊದಲ ಪಾಠವೇ ಅದು. ಕುಮುದಾ ಅದನ್ನೇ ಬಿಟ್ಟುಬಿಟ್ಟರು. ಎಲ್ಲ ಮುಗಿಸಿ, ಅಂಟು ಹಾಕಿ ನನ್ನನ್ನು ಕೂರಿಸಿ, ಮುಚ್ಚಳ ಇಟ್ಟರೆ, ಅಯ್ಯೋ, ನನ್ನ ತಲೆ ತಾಗಿತು. ಹಸಿ ಅಂಟಿನಿಂದ ನನ್ನನ್ನು ಕಿತ್ತರು.

"ಥೂ, ಅವಸರದಲ್ಲಿ ಹಾಳು ಮಾಡ್ಕೊಂಡೆ ಕಣ್ರೀ. ಇದರ ತಲೆ ಕತ್ತರಿಸದೆ ಬೇರೆ ದಾರಿ ಇಲ್ಲ," ಎಂದು ಕುಮುದಾ ಅತ್ತೇಬಿಟ್ಟರು.

ಯಂತ್ರ ಗುಂಯ್‌ಗುಡುತ್ತಾ ಹತ್ತಿರ ಬಂತು. ತಲೆ ಹೋದರೆ ನಾನೂ ಬರೀ ಮಣೆ.

"ಇರು ಕುಮುದಾ, ಕೊಡು ಇಲ್ಲಿ."

ಶ್ರೀವತ್ಸ ನನ್ನನ್ನು ಕಣ್ಣಿನ ಹತ್ತಿರ ಹಿಡಿದರು. ಕಾಣಲಿಲ್ಲ. ಬೆರಳಿನಿಂದ ಸವರಿದರು. ಹಿಡಿಯ ಮೇಲೆ ಬೆರಳು ನಿಂತಿತು.

"ಇದನ್ನೇ ಎಳೆದೆ ಕಣೇ," ಎಂದರು ಮೆಲ್ಲಗೆ. "ಎಳೆಯೋವಾಗ ನಿನ್ನ ಹೆಸರು ಕೂಗ್ದೆ."

ಕುಮುದಾ ಯಂತ್ರ ಆರಿಸಿದರು.

"ವಿಮಾನ ಮಬ್ಬಾಗಿ ಕಂಡಿತು, ಸಾಕು. ಇದನ್ನ ಒಳಗೆ ಇಡಬೇಡ. ಇದು ಹೊರಗೆ ಬಂದಿದ್ದಕ್ಕೇ ನಾನು ಮನೆಗೆ ಬಂದೆ," ಎಂದರು ಶ್ರೀವತ್ಸ.

ಈಗ ಶ್ರೀವತ್ಸರಿಗೆ ಏನೂ ಕಾಣುವುದಿಲ್ಲ. ಖಾಲಿ ವಿಮಾನ ಷೋಕೇಸಿನಲ್ಲಿದೆ, ನಾನು ಅವರ ಮಂಚದ ಪಕ್ಕದ ಟೀಪಾಯಿಯ ಮೇಲಿದ್ದೇನೆ. ಬಣ್ಣವೆಲ್ಲ ಅವರ ಬೆರಳಿಗೆ ಸವೆದುಹೋಗಿದೆ. ಒಂದಂಗುಲವೂ ಹಾರಿದವನಲ್ಲ ನಾನು. ಆ ಕೊರಗು ಮೊದಲಿತ್ತು, ಈಗಿಲ್ಲ. ದಿನಾ ಬೆಳಿಗ್ಗೆ ಎದ್ದೊಡನೆ ಅವರು ತಡಕಾಡಿ ನನ್ನನ್ನು ಎತ್ತಿಕೊಂಡು ಹಿಡಿಯ ಮೇಲೆ ಬೆರಳಿಡುತ್ತಾರೆ.

"ಕುಮುದಾ," ಎಂದು ಕೂಗುತ್ತಾರೆ.

"ಇಲ್ಲೇ ಇದ್ದೀನಿ ಕಣ್ರೀ, ಕಾಫಿ ತಂದೆ," ಎಂದು ಅಡುಗೆಮನೆಯಿಂದ ಉತ್ತರ ಬರುತ್ತದೆ.

ಆಗ ನನ್ನನ್ನು ಕೆಳಗಿಡುತ್ತಾರೆ.