ಬುರುಲ್ಚಾ ಒಪ್ಪಿಸಿದ ಕುದುರೆ

ಸಾಯುವುದೆಂದು ಕುತ್ಮಾನ್ ನಿರ್ಧರಿಸಿ ಮೂರು ದಿನವಾಗಿತ್ತು. ಮೊಬೈಲಿನಲ್ಲಿ ಫುಟ್‌ಬಾಲ್ ಪಂದ್ಯಗಳ ಮೇಲೆ ಬಾಜಿ ಕಟ್ಟಿ ಕಟ್ಟಿ ನಿದ್ದೆ ಕೆಟ್ಟಿತ್ತು, ಹೆಂಡತಿ ತವರು ಸೇರಿದ್ದಳು, ತಲೆಯೊಳಗೆ ಯಾರೋ ಒಂದೇ ಸಮನೆ ಛೀಮಾರಿ ಹಾಕುತ್ತಿದ್ದರು. ತೀರಿಹೋದ ಅಣ್ಣನ ಹೆಂಡತಿ ಬುರುಲ್ಚಾಳಿಗೆ ಕೊನೆಯದಾಗಿ ಮುಖ ತೋರಿಸಿ ಹೋಗೋಣವೆಂದು ಬೆಟ್ಟದ ಹುಲ್ಲುಗಾವಲಿಗೆ ಹತ್ತಿ ಬಂದ. ಒಬ್ಬಳೇ ಕುದುರೆ ಸಾಕಿ ಬದುಕು ಕಟ್ಟಿಕೊಂಡ ಹೆಂಗಸು ಆಕೆ, ಯಾರಿಗೂ ಸೊಪ್ಪು ಹಾಕುವವಳಲ್ಲ.

ಅವನ ಮುಖವನ್ನೇ ನೋಡುತ್ತ ಚಹಾ ಕೊಟ್ಟಳು. ಆಮೇಲೆ ಹಾಲು ಕರೆಯುವ ಬಕೆಟ್ಟನ್ನು ಕೈಗೆ ತುರುಕಿದಳು.

"ನಂಗೆ ಹಲ್ಲುನೋವು. ನಾರಿನ್ ಪೇಟೆಗೆ ಹೋಗಿ ತೋರಿಸ್ಕೊಂಡು ಎರಡು ದಿನದಲ್ಲಿ ಬರ್ತೀನಿ. ಈ ಕಂದು ಕುದುರೆ, ಇದರ ಮರಿ, ಎರಡೂ ನಿಂಗೆ ಅಮಾನತ್."

"ಬೇಡ ಅತ್ತಿಗೆ, ಬೇರೆ ಯಾರಿಗಾದ್ರೂ ಒಪ್ಸಿ."

"ಒಪ್ಸಾಯ್ತಲ್ಲಪ್ಪ. ಬಾಯಿಂದ ಬಂದ್ಮೇಲೆ ಮುಗೀತು."

ನಮ್ಮ ಕಿರ್ಗಿಜರಲ್ಲಿ ಅಮಾನತ್ ಎಂದು ನಂಬಿ ಒಪ್ಪಿಸಿದ್ದನ್ನು ಕೊಟ್ಟವರ ಕೈಗೇ ಮರಳಿಸಬೇಕು. ಮಾರುವಂತಿಲ್ಲ, ಇನ್ನೊಬ್ಬರಿಗೆ ದಾಟಿಸುವಂತಿಲ್ಲ, ಅದನ್ನು ನಡುನೀರಿನಲ್ಲಿ ಬಿಟ್ಟು ಸಾಯುವಂತೆಯೂ ಇಲ್ಲ. ಬಾಜಿಯಲ್ಲಿ ಏನೆಲ್ಲ ಕಳೆದುಕೊಂಡಿದ್ದರೂ ಕುತ್ಮಾನ್ ಇಷ್ಟು ಮರ್ಯಾದೆ ಉಳಿಸಿಕೊಂಡಿದ್ದ. ಎರಡು ದಿನ ತಡೆದುಕೊಂಡರಾಯಿತು ಎಂದುಕೊಂಡ.

ಹೆಣ್ಣುಕುದುರೆಯನ್ನು ಹಗಲಿಡೀ ಎರಡೆರಡು ಗಂಟೆಗೊಮ್ಮೆ ಕರೆಯಬೇಕು. ಮೊದಲು ಮರಿ ಬಾಯಿ ಹಾಕದಿದ್ದರೆ ಅದು ಹಾಲಿಳಿಸುವುದಿಲ್ಲ. ಮೊದಲ ದಿನ ಒದೆ ತಿಂದ. ಎರಡನೆಯ ದಿನ ಅಳುತ್ತಲೇ ಕರೆದ. ಅಲ್ಲಿ ಸಿಗ್ನಲ್ ಇಲ್ಲ, ಆದರೂ ಕೈ ಆಗಾಗ ಮೊಬೈಲಿಗೆಂದು ಜೇಬಿಗೆ ಹೋಗುತ್ತಿತ್ತು. ಎರಡು ದಿನವಾದರೂ ಅತ್ತಿಗೆಯ ಸುಳಿವಿಲ್ಲ. ಆರನೆಯ ದಿನ ಮಧ್ಯಾಹ್ನ ಕುದುರೆಯ ಹೊಟ್ಟೆಗೆ ಹಣೆ ಒರಗಿಸಿ ಕೂತಿದ್ದವನಿಗೆ ತೂಕಡಿಕೆ ಬಂತು. ತಲೆಯೊಳಗಿನ ಛೀಮಾರಿ ನಿಂತಿರಲಿಲ್ಲ, ಆದರೆ ಹಾಲು ಕರೆಯುವಷ್ಟು ಹೊತ್ತು ಸುಮ್ಮನಿರುತ್ತಿತ್ತು.

ಹನ್ನೊಂದನೆಯ ದಿನ ಬುರುಲ್ಚಾ ಬಂದಳು. ದವಡೆ ಊದಿಕೊಂಡೇ ಇತ್ತು.

"ಹಲ್ಲು ಕೀಳಿಸ್ಲಿಲ್ವಾ ಅತ್ತಿಗೆ?"

"ಪುರುಸೊತ್ತೆಲ್ಲಿತ್ತು? ಮನಸ್ಸಿನ ಡಾಕ್ಟರನ್ನ ಹುಡುಕೋದ್ರಲ್ಲೇ ಆಯ್ತು. ಸೋಮವಾರ ನಿನ್ನ ಸರದಿ. ಜೊತೇಲಿ ನಾನೂ ಬರ್ತೀನಿ."

ಕುತ್ಮಾನ್ ಬಕೆಟ್ಟನ್ನು ಕೆಳಗಿಟ್ಟ. ಈ ಹೆಂಗಸಿನ ಋಣ ಯಾವ ಜನ್ಮಕ್ಕೂ ತೀರುವುದಿಲ್ಲ ಅನ್ನಿಸಿತು.

"ನಾನು ಸಾಯ್ಬಾರ್ದು ಅಂತಲೇ ಕುದುರೆ ಒಪ್ಸಿದ್ರಿ ಅಲ್ವಾ? ನನ್ನಂಥೋನಿಗೆ ಇಷ್ಟೆಲ್ಲ ಯಾಕೆ ಮಾಡಿದ್ರಿ?"

ಆಕೆ ಬಕೆಟ್ಟಿನೊಳಗೆ ಇಣುಕಿ, ಹಾಲು ಕಡಿಮೆಯೆಂದು ಗೊಣಗಿದಳು. ಆಮೇಲೆ ಹೇಳಿದಳು:

"ನಿಮ್ಮಮ್ಮ ಕಣ್ಮುಚ್ಚೋವಾಗ ನನ್ನ ಕೈ ಹಿಡ್ಕೊಂಡು ನಿನ್ನ ಒಪ್ಸಿದ್ರು. ಅಮಾನತ್ ಅಂತಲೇ ಅಂದ್ರು. ನಾಳೆ ನಾನು ಅಲ್ಲಿಗೆ ಹೋದಾಗ ನನ್ನ ಹುಡುಗ ಎಲ್ಲಿ ಅಂತ ಕೇಳ್ತಾರೆ. ಚೆನ್ನಾಗಿದಾನೆ ಅನ್ನೋಕಾದ್ರೂ ನೀನು ಇಲ್ಲಿರ್ಬೇಕು ಕಣೋ."