ಗುಡಾಣದ ನೀರು

ಬಂಡೆಯ ಮೇಲೆ ಠಣ್ ಠಣ್ ಎಂದು ಉರುಳಿದ ಚೊಂಬು ಕೊರಕಲಿಗೆ ಬಿದ್ದು ಸುಮ್ಮನಾಯಿತು. ಮನೆಯಿಂದ ಹೊತ್ತು ತಂದಿದ್ದ ನೀರೂ ಅದರೊಂದಿಗೇ ಹೋಯಿತು. ಭಾರತಮ್ಮ ಉಳುಕಿದ ಕಾಲು ಹಿಡಿದು ಕೂತು ಬಂಡೆಗೆ ಚೆನ್ನಾಗಿ ಬೈದಳು. ಬೈದದ್ದಕ್ಕೆ ಬಾಯಾರಿಕೆ ಇನ್ನೂ ಹೆಚ್ಚಾಯಿತು.

ಟೇಕಲ್‌ನಲ್ಲಿ ಮಗಳು ಶ್ಯಾಮಲಮ್ಮನಿಗೆ ದಿನ ತುಂಬಿತ್ತು. ಯುದ್ಧದ ಗಲಾಟೆಯಲ್ಲಿ ಬಾಡಿಗೆ ಗಾಡಿ ಸಿಗದೆ ಭಾರತಮ್ಮ ಬೆಟ್ಟದ ಒಳದಾರಿ ಹಿಡಿದಿದ್ದಳು. ಒಬ್ಬಳೇ ಹೋಗಬೇಡವೆಂದ ಗಂಡನಿಗೆ "ಹಂಗಾದ್ರೆ ಬಾಣಂತನ ಮಾಡೋಕೆ ನೀವೇ ಹೋಗ್ತೀರಾ?" ಎಂದು ಬಾಯಿ ಮುಚ್ಚಿಸಿದ್ದಳು. ಈಗ ಹೊತ್ತು ಇಳಿಯುತ್ತಿತ್ತು. ಮೇಲಿನ ಕಲ್ಲುಮಂಟಪದಲ್ಲಿ ತಂಗದೆ ಗತಿಯಿರಲಿಲ್ಲ.

ಆ ಮಂಟಪಕ್ಕೆ ಪೂಜಾರಿಯಿಲ್ಲ, ಕಾವಲಿಲ್ಲ. ತಂಗಿದವರು ಹೊರಡುವ ಮುನ್ನ ಬಂಡೆಗುಳಿಯ ದೊಣೆಯಿಂದ ನೀರು ತಂದು ಗುಡಾಣ ತುಂಬಿಸಿ, ಒಂದು ಹೊರೆ ಸೌದೆ ಇಟ್ಟು ಹೋಗುವುದು ವಾಡಿಕೆ. ಹತ್ತಿ ಬರುವವರು ಕೆಳಗಿನ ತಿರುವಿನಲ್ಲಿ ನಿಂತು ಕೂಗಬೇಕು. ಕೂಗು ಕೇಳಿದ ಕೂಡಲೇ ಒಳಗಿದ್ದವರು ಬಂಡೆಯ ಹಿಂದಿನ ಕಾಲುದಾರಿಯಲ್ಲಿ ಇಳಿದುಬಿಡಬೇಕು. ಯಾರು ತುಂಬಿಸಿದರೆಂದು ಯಾರೂ ನೋಡಕೂಡದು.

ಯಾರ ಕೈಯ ನೀರೆಂದು ತಿಳಿಯದೆ ಗುಟುಕೂ ಇಳಿಸದ ಹೆಂಗಸು ಭಾರತಮ್ಮ. ತಿರುವಿನಲ್ಲಿ ಕೂಗಿ, ಕಾಲೆಳೆಯುತ್ತ ಮಂಟಪ ಸೇರಿದಳು. ಗುಡಾಣದ ಮೇಲೆ ಮುಚ್ಚಿದ್ದ ಮುತ್ತುಗದ ಎಲೆ ತೆಗೆದು ಮೂಸಿದಳು. ನೀರು ಮೊಗೆಯುವ ಸೋರೆಬುರುಡೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸೌದೆಯ ಕಟ್ಟು ಅಳೆದು ಕಟ್ಟಿದ ಹಾಗೆ ಸಮನಾಗಿತ್ತು. ಇಷ್ಟು ಚೊಕ್ಕ ಕೆಲಸ ತನ್ನ ಸೋದರಮಾವ ಚನ್ನರಾಯಪ್ಪನದೇ, ಇನ್ಯಾರದು ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಮೂರು ಬುರುಡೆ ಕುಡಿದಳು. ಹೊಟ್ಟೆ ತಣ್ಣಗಾಯಿತು, ಅನುಮಾನ ಮಾತ್ರ ತಣ್ಣಗಾಗಲಿಲ್ಲ.

ಬೆಳಗಾಗುವ ಹೊತ್ತಿಗೆ ಕಾಲಿನ ಊತ ಇಳಿದಿತ್ತು. ಕುಂಟುತ್ತಲೇ ದೊಣೆಗೆ ಹೋಗಿ ಬಂದು ಗುಡಾಣ ತುಂಬಿಸಿದಳು. ಸೌದೆ ಆರಿಸಿ ತಂದಿಟ್ಟು ಸೆರಗು ಕೊಡವುವಷ್ಟರಲ್ಲಿ ಕೆಳಗಿನಿಂದ ಕೂಗು ಬಂತು:

"ಯಾರಾನಾ ಇದ್ದೀರಾ ಮ್ಯಾಲೆ? ಬರ್ತಾ ಇದೀನಿ!"

ಇಳಿದು ಹೋಗಬೇಕಿತ್ತು. ಮಗಳು ಕಾಯುತ್ತಿದ್ದಳು. ಆದರೆ ಕಾಲು ಬಂಡೆಯ ಹಿಂದೆ ಹೋದದ್ದೇ ನಿಂತುಬಿಟ್ಟಿತು. ಕತ್ತು ಚಾಚಿ ಇಣುಕಿದಳು.

ಬಂದವನು ಅವಳ ಊರಿನ ಕೇರಿಯ ಪೆದ್ದಪ್ಪ. ಸತ್ತ ದನ ಹೊರುವವನು, ತಮಟೆ ಬಡಿಯುವವನು. ಮೂವತ್ತು ವರ್ಷದಿಂದ ಅವಳ ಅಂಗಳದಾಚೆ ಬಗ್ಗಿ ನಿಂತು, ಅವಳು ಎತ್ತರದಿಂದ ಹುಯ್ದ ನೀರನ್ನು ಬೊಗಸೆಯಲ್ಲಿ ಕುಡಿದವನು. ಈಗ ನೆಟ್ಟಗೆ ಒಳಗೆ ಹೋಗಿ ಎಲೆ ಎತ್ತಿ ನೋಡಿ ನಕ್ಕ.

"ಅಬ್ಬಬ್ಬಾ! ನಿನ್ನೆ ನಾನು ತುಂಬ್ಸಿ ಹೋದಂಗೇ ತುಂಬವ್ರೆ. ಯಾವ ಮಹಾತಾಯಿನೋ ಮಹಾರಾಯನೋ, ನಿಮ್ಮ ಹೊಟ್ಟೆ ತಣ್ಣಗಿರ್ಲಿ!"

ಬುರುಡೆ ಅದ್ದಿ ಗಟಗಟನೆ ಕುಡಿದ.

ಭಾರತಮ್ಮ ಆ ಬುರುಡೆಯನ್ನೇ ನೋಡಿದಳು. ನಿನ್ನೆ ಕುಡಿದದ್ದು ಇವನ ನೀರು. ಥೂ ಎಂದು ಬಾಯಿಗೆ ಬಂತು, ಉಗಿಯಲು ಏನೂ ಉಳಿದಿರಲಿಲ್ಲ. ನಾಚಿಕೆಯಾಯಿತು, ಕುಡಿದದ್ದಕ್ಕೋ ಇಣುಕಿದ್ದಕ್ಕೋ ಅವಳಿಗೇ ಗೊತ್ತಾಗಲಿಲ್ಲ. ಹಿಂದೆ ಸರಿಯುವಾಗ ಕಾಲಡಿಯ ಕಲ್ಲು ಜಾರಿ ಸದ್ದಾಯಿತು.

"ಯಾರದು?" ಎಂದ ಪೆದ್ದಪ್ಪ. ದನಿಯಲ್ಲಿದ್ದ ನಗು ಹೋಗಿತ್ತು.

ಸುಮ್ಮನೆ ಇಳಿದು ಹೋಗಬಹುದಿತ್ತು. ಹೋದರೆ, ಯಾರೋ ಕದ್ದು ನೋಡಿದರೆಂಬ ಭಯದಲ್ಲಿ ಅವನು ಇನ್ನೆಂದೂ ನೆಮ್ಮದಿಯಿಂದ ಇಲ್ಲಿ ಕುಡಿಯಲಾರ ಎಂದು ಅವಳಿಗೆ ಹೊಳೆಯಿತು. ಬಂಡೆಗೆ ಬೆನ್ನು ಕೊಟ್ಟೇ ಬಾಯಿ ಬಿಟ್ಟಳು.

"ನಾನು ಕಣಪ್ಪಾ. ಭಾರತಮ್ಮ. ನಿನ್ನೆ ನಿನ್ನ ನೀರೇ ನನ್ನ ಜೀವ ಉಳಿಸ್ತು."

ಬುರುಡೆ ನೆಲಕ್ಕೆ ಬಿದ್ದ ಸದ್ದು ಕೇಳಿತು. "ಅಮ್ಮಾ... ತಪ್ಪಾಯ್ತು ತಾಯೀ. ನೀವು ಅಂತ ಗೊತ್ತಿಲ್ದೆ ಗುಡಾಣ ಮುಟ್ಬಿಟ್ಟೆ..."

"ತಪ್ಪು ಏನೂ ಇಲ್ಲ. ಇವತ್ತು ತುಂಬ್ಸಿರೋದು ನಾನು. ಕುಡಿಯಪ್ಪ, ಬಿಸಿಲೇರ್ತದೆ."

ಭಾರತಮ್ಮ ಕಿವಿಗೊಟ್ಟು ಕಾದಳು. ಎಲ್ಲೋ ಒಂದು ಗೌಜಲಹಕ್ಕಿ ಕೂಗಿ ನಿಲ್ಲಿಸಿತು.

ಬಹಳ ಹೊತ್ತಾದ ಮೇಲೆ, ಬುರುಡೆ ನೀರಿಗೆ ಮುಳುಗಿದ ಬುಳುಕ್ ಸದ್ದು ಕೇಳಿತು.